ಕಂದಾಯದ ರಸೀದಿಯಲ್ಲಿ ಒಂದು ಸಾಲು

ಗೋವಿನಕೋವಿಯಂಥ ನಮ್ಮ ಕಡೆಯ ಹಳ್ಳಿಗಳಲ್ಲಿ ಮನೆ ಕಂದಾಯದ ರಸೀದಿಯನ್ನು ಮಡಿಚಿ ಪೆಟ್ಟಿಗೆಯಲ್ಲಿಡುವವರೇ ಹೆಚ್ಚು, ಓದುವವರು ವಿರಳ. ಕಂದಾಯದ ಮೊತ್ತದ ಕೆಳಗೆ ಆರೋಗ್ಯ ಕರ, ಗ್ರಂಥಾಲಯ ಕರ, ಭಿಕ್ಷುಕರ ಕರ ಎಂಬ ಸಣ್ಣ ಸಾಲುಗಳಿರುತ್ತವೆ. ಮೊನ್ನೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಆ ರಸೀದಿಯನ್ನು ಹಿಡಿದುಕೊಂಡೇ ಮನೆಗೆ ಬಂದ. "ಮೇಷ್ಟ್ರೇ, ಆರೋಗ್ಯಕ್ಕಂತ ಇಲ್ಲೂ ಕಟ್ತೀವಿ, ಸೊಸೈಟಿಯಲ್ಲಿ ಯಶಸ್ವಿನಿಗೂ ಕಟ್ತೀವಿ. ಒಂದೇ ಕಾಯಿಲೆಗೆ ಎರಡು ಸಲ ದುಡ್ಡೇ?" ಎಂದು ಕೇಳಿದ. ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಬರೆದ ಲೇಖನವಿದು.

ಆರೋಗ್ಯ ಕರದ ಮೂಲ 1962ರ ಮೈಸೂರು ಆರೋಗ್ಯ ಕರ ಕಾಯಿದೆಯಲ್ಲಿದೆ. ಭೂಕಂದಾಯ, ಅಬಕಾರಿ ಸುಂಕ, ಸ್ಥಳೀಯ ಸಂಸ್ಥೆಗಳ ಕಟ್ಟಡ ತೆರಿಗೆ ಇವುಗಳ ಮೇಲೆ ರೂಪಾಯಿಗೆ ಇಷ್ಟು ಪೈಸೆಯೆಂದು ಹೆಚ್ಚುವರಿಯಾಗಿ ವಸೂಲು ಮಾಡುವ ಏರ್ಪಾಡು ಅದು. ಆಗಲೂ ಅದನ್ನು ಎಲ್ಲರೂ ಒಪ್ಪಿರಲಿಲ್ಲ. ಹೆಂಡ, ಸಾರಾಯಿ ಅಂಗಡಿಗಳನ್ನು ಹರಾಜಿನಲ್ಲಿ ಹಿಡಿದಿದ್ದ ಗುತ್ತಿಗೆದಾರರು ಸುಪ್ರೀಂ ಕೋರ್ಟಿನವರೆಗೂ ಹೋದರು. ಅಂಗಡಿ ಬಾಡಿಗೆಯು ಅಬಕಾರಿ ಸುಂಕವಲ್ಲ, ಆದ್ದರಿಂದ ಅದರ ಮೇಲೆ ಆರೋಗ್ಯ ಕರ ಸಲ್ಲದು ಎಂದು ನ್ಯಾಯಾಲಯವು ಬಹುಮತದಿಂದ ತೀರ್ಪಿತ್ತಿತು. ಗುತ್ತಿಗೆದಾರರಿಗೆ ವಕೀಲರಿದ್ದರು. ರೈತನು ಮಾತ್ರ ಕಂದಾಯದೊಡನೆ ಮೌನವಾಗಿ ಕಟ್ಟಿದನು.

ಕಾಣದೆ ಕಟ್ಟುವ ಕರಕ್ಕೂ ಕಂಡು ಕಟ್ಟುವ ವಂತಿಗೆಗೂ ಎಷ್ಟು ಅಂತರವೆಂಬುದು ನಮಗೆ ತಿಳಿದದ್ದು ಯಶಸ್ವಿನಿಯಿಂದ. 2002ರ ನವೆಂಬರ್ 14ರಂದು ಮುಖ್ಯಮಂತ್ರಿ ಎಸ್. ಎಂ. ಕೃಷ್ಣ ಅವರು ಉದ್ಘಾಟಿಸಿದ ಈ ಯೋಜನೆ 2003ರ ಜೂನ್‌ನಲ್ಲಿ ಜಾರಿಗೆ ಬಂದಿತು. ಇದರ ಹಿಂದಿದ್ದ ಪ್ರೇರಣೆ ಹೃದ್ರೋಗ ತಜ್ಞ ಡಾ. ದೇವಿ ಶೆಟ್ಟಿಯವರದು. ಸಹಕಾರ ಸಂಘದ ಸದಸ್ಯನು ತಿಂಗಳಿಗೆ 5 ರೂಪಾಯಿಯಂತೆ ವರ್ಷಕ್ಕೆ 60 ರೂಪಾಯಿ ಕಟ್ಟಿದರೆ ನಿಗದಿತ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆ ಉಚಿತ. ಬರಗಾಲದ ಆ ದಿನಗಳಲ್ಲಿಯೂ ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು.

ದೋಷಗಳಿರಲಿಲ್ಲವೆಂದಲ್ಲ. ಜ್ವರ ಬಂದು ಮಲಗಿದವನಿಗೆ ಅದರಿಂದ ಪ್ರಯೋಜನವಿರಲಿಲ್ಲ. ಸಂಘದ ಸದಸ್ಯತ್ವವಿಲ್ಲದ ಕೂಲಿಯವನಿಗೆ ಬಾಗಿಲೇ ತೆರೆದಿರಲಿಲ್ಲ. ಈ ಕೊರತೆಯನ್ನು ತುಂಬಲು ಬಂದ ವಾಜಪೇಯಿ ಆರೋಗ್ಯಶ್ರೀಯು ಬಡತನ ರೇಖೆಗಿಂತ ಕೆಳಗಿನವರಿಂದ ವಂತಿಗೆ ಕೇಳಲಿಲ್ಲ. ಬೊಕ್ಕಸವೇ ವೆಚ್ಚ ಭರಿಸಿತು. 2010ರಲ್ಲಿ ಕಲಬುರಗಿ ವಿಭಾಗದಲ್ಲಿ ಆರಂಭವಾದ ಅದು ದಾವಣಗೆರೆ ಜಿಲ್ಲೆಯನ್ನೊಳಗೊಂಡ ಬೆಂಗಳೂರು ವಿಭಾಗಕ್ಕೆ ಬಂದದ್ದು 2012ರಲ್ಲಿ.

ನಿಜವಾದ ಜಗಳ ಎದ್ದದ್ದು 2018ರಲ್ಲಿ. ಆ ವರ್ಷದ ಮಾರ್ಚ್ 2ರಂದು ಸಿದ್ದರಾಮಯ್ಯನವರ ಸರ್ಕಾರ ಆರೋಗ್ಯ ಕರ್ನಾಟಕವನ್ನು ತಂದಿತು. ಹತ್ತಾರು ಯೋಜನೆಗಳಿಗೆ ಬದಲಾಗಿ ಎಲ್ಲರಿಗೂ ಒಂದೇ ಸೂರು, ನೋಂದಣಿ ಶುಲ್ಕವಿಲ್ಲ ಎಂಬುದು ಅದರ ಆಶಯ. ಯಶಸ್ವಿನಿಯೂ ಅದರಲ್ಲಿ ವಿಲೀನವಾಯಿತು. ಅಕ್ಟೋಬರ್‌ನಲ್ಲಿ ಕೇಂದ್ರದ ಆಯುಷ್ಮಾನ್ ಭಾರತವೂ ಸೇರಿಕೊಂಡಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಉಚಿತ ಚಿಕಿತ್ಸೆ. ಎಪಿಎಲ್ ಕಾರ್ಡಿನವರಿಗಾದರೆ ನಿಗದಿತ ದರದ ಶೇ. 30ರಷ್ಟು ಮಾತ್ರ ಸರ್ಕಾರದ್ದು, ಉಳಿದದ್ದು ರೋಗಿಯದು. ತುರ್ತು ಸಂದರ್ಭಗಳನ್ನು ಬಿಟ್ಟರೆ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು.

ರಸೀದಿ ಹಿಡಿದು ಬಂದ ನನ್ನ ವಿದ್ಯಾರ್ಥಿಗೆ ಇದ್ದದ್ದು ಎಪಿಎಲ್ ಕಾರ್ಡು. ಹನ್ನೆರಡು ವರ್ಷ ತಪ್ಪದೆ ಯಶಸ್ವಿನಿಗೆ ಕಟ್ಟಿದ್ದ, ಒಂದು ದಿನವೂ ಬಳಸಿರಲಿಲ್ಲ. ಯೋಜನೆ ನಿಂತ ಮರುವರ್ಷವೇ ಹೆಂಡತಿಗೆ ಶಸ್ತ್ರಚಿಕಿತ್ಸೆಯಾಗಬೇಕಾಯಿತು. ಕರೆಯುವ ಎಮ್ಮೆ ಎರಡನ್ನೂ ಮಾರಿದ. ಕಟ್ಟೆಯ ಮೇಲೆ ಅಂದು ನಡೆದ ವಾದ ನನಗಿನ್ನೂ ನೆನಪಿದೆ. "ದುಡ್ಡು ಕೊಟ್ಟೋನು ಹಕ್ಕಿನಿಂದ ಕೇಳ್ತಾನೆ, ಪುಕ್ಕಟೆ ಕೊಟ್ಟದ್ದನ್ನ ಸರ್ಕಾರ ಯಾವಾಗ ಬೇಕಾದ್ರೂ ಕಿತ್ಕೊಳ್ಳುತ್ತೆ" ಎಂದು ಅವನು. "ಷೇರು ಹಣಕ್ಕೂ ಗತಿ ಇಲ್ಲದ ನಾವು ಸಾಯಬೇಕಾ?" ಎಂದು ಪಕ್ಕದಲ್ಲಿದ್ದ ಕೂಲಿಯಾತ. ಇಬ್ಬರೂ ನನ್ನ ತರಗತಿಯಲ್ಲಿ ಒಂದೇ ಬೆಂಚಿನಲ್ಲಿ ಕುಳಿತವರು. ಆ ದಿನ ನಾನು ಯಾರ ಪರವಾಗಿಯೂ ಮಾತನಾಡಲಿಲ್ಲ.

ಸಹಕಾರಿಗಳ ಒತ್ತಾಯಕ್ಕೆ ಮಣಿದು ಬಸವರಾಜ ಬೊಮ್ಮಾಯಿಯವರ ಸರ್ಕಾರ 2022ರ ಬಜೆಟ್ಟಿನಲ್ಲಿ 300 ಕೋಟಿ ರೂಪಾಯಿಯೊಡನೆ ಯಶಸ್ವಿನಿಯನ್ನು ಮರಳಿ ಘೋಷಿಸಿತು. ಆ ವರ್ಷದ ನವೆಂಬರಿನಲ್ಲಿ ನೋಂದಣಿ ಆರಂಭವಾದಾಗ ಗ್ರಾಮೀಣ ಸದಸ್ಯನ ನಾಲ್ವರ ಕುಟುಂಬಕ್ಕೆ ವಂತಿಗೆ 500 ರೂಪಾಯಿ. ಈ ನಡುವೆ ಕೇಂದ್ರವೂ 2018ರ ಬಜೆಟ್ಟಿನಲ್ಲಿ ಶೇ. 3ರ ಶಿಕ್ಷಣ ಸೆಸ್ಸನ್ನು ಶೇ. 4ರ ಆರೋಗ್ಯ ಮತ್ತು ಶಿಕ್ಷಣ ಸೆಸ್ಸಾಗಿ ಮಾರ್ಪಡಿಸಿತ್ತು. ತೆರಿಗೆಯಂತೆ ಸೆಸ್ಸಿನ ಹಣವನ್ನು ರಾಜ್ಯಗಳೊಡನೆ ಹಂಚಿಕೊಳ್ಳಬೇಕಾಗಿಲ್ಲ. ಆರೋಗ್ಯದ ಹೆಸರಿನಲ್ಲಿ ಕೇಂದ್ರವು ಕೂಡಿಸುವ ಹಣಕ್ಕೂ ರಾಜ್ಯವು ಆಸ್ಪತ್ರೆಗಳಲ್ಲಿ ಭರಿಸುವ ವೆಚ್ಚಕ್ಕೂ ತಾಳೆಯಾಗದೆಂಬ ತಕರಾರು ಇದರಿಂದಲೇ ಹುಟ್ಟಿದ್ದು.

ಇನ್ನು ಶಿಷ್ಯನ ಪ್ರಶ್ನೆಗೆ ನನ್ನ ಉತ್ತರ. ಎರಡು ಸಲ ಕಟ್ಟುತ್ತಿರುವುದು ದಿಟ. ಆದರೆ ಮೊದಲನೆಯದು ನಿನ್ನ ಬೆಂಚಿನ ಗೆಳೆಯನಿಗಾಗಿ, ಎರಡನೆಯದು ನಿನಗಾಗಿ. ರೋಗವು ಸದಸ್ಯತ್ವದ ಪುಸ್ತಕ ನೋಡಿ ಬರುವುದಿಲ್ಲವಾದ್ದರಿಂದ ತೆರಿಗೆಯ ಆಸರೆಯೇ ಬುನಾದಿಯಾಗಬೇಕು. ತಪ್ಪಾದದ್ದು ವಂತಿಗೆಯನ್ನು ಕೈಬಿಟ್ಟಿದ್ದರಲ್ಲಲ್ಲ, ಕಟ್ಟಿದವರನ್ನು ಒಂದು ಮಾತೂ ಕೇಳದೆ ಕೈಬಿಟ್ಟಿದ್ದರಲ್ಲಿ. ಅರವತ್ತು ರೂಪಾಯಿ ಕಟ್ಟಿದವನಿಗೆ ಲೆಕ್ಕ ಕೇಳುವ ಧೈರ್ಯ ಬಂದಿತು. ಅರವತ್ತು ವರ್ಷ ಆರೋಗ್ಯ ಕರ ಕಟ್ಟಿದವರಿಗೆ ಅದೇಕೆ ಬರಲಿಲ್ಲ?

ಪ್ರಿಯ ವಿದ್ಯಾರ್ಥಿಗಳೇ, ಈ ಸಲ ಕಂದಾಯ ಕಟ್ಟಿದಾಗ ಆ ಸಾಲನ್ನೊಮ್ಮೆ ಓದಿ. ಗ್ರಾಮಸಭೆಗೆ ಹೋಗುವಾಗ ರಸೀದಿಯನ್ನೂ ಜೊತೆಗೆ ಕೊಂಡೊಯ್ಯಿರಿ.