ಫೆರಿಕ್ ಕ್ಲೋರೈಡ್: ಕೊರೆಯುವುದೂ ಇದೇ, ತಿಳಿಗೊಳಿಸುವುದೂ ಇದೇ

ಮಳೆಗಾಲದಲ್ಲಿ ಕೊಣನೂರಿನ ದಡದಲ್ಲಿ ಕಾವೇರಿ ಕೆಂಪಾಗಿ ಹರಿಯುತ್ತದೆ. ಕೊಡಗಿನ ಕಡೆಯಿಂದ ಬಂದ ಆ ಮಣ್ಣಿನ ಸೂಕ್ಷ್ಮ ಕಣಗಳ ಮೇಲೆ ಋಣ ವಿದ್ಯುದಂಶ ಇರುವುದರಿಂದ ಅವು ಒಂದನ್ನೊಂದು ತಳ್ಳುತ್ತವೆ. ನೀರನ್ನು ರಾತ್ರಿಯಿಡೀ ಕೊಡದಲ್ಲಿಟ್ಟರೂ ಕೆಸರು ಪೂರ್ತಿ ತಳಕ್ಕಿಳಿಯುವುದಿಲ್ಲ. ಕಬ್ಬಿಣದ ಲವಣವಾದ ಫೆರಿಕ್ ಕ್ಲೋರೈಡ್ ಕರಗಿದಾಗ ಬರುವ ಧನ ವಿದ್ಯುದಂಶ ಈ ತಳ್ಳಾಟವನ್ನು ಅಡಗಿಸುತ್ತದೆ. ಜೊತೆಗೇ ಹುಟ್ಟುವ ಕಂದು ಹೈಡ್ರಾಕ್ಸೈಡು ಕೆಸರನ್ನು ಬಾಚಿಕೊಂಡು ತಳ ಸೇರುತ್ತದೆ.

ಇದೇ ಕೆಲಸವನ್ನು ಪಟಿಕ ಮಾಡುವಾಗ ಈ ತೀಕ್ಷ್ಣ ಲವಣವೇಕೆ ಎನ್ನಬಹುದು. ಕುಡಿಯುವ ನೀರಿಗೆ ನಮ್ಮಲ್ಲಿ ಪಟಿಕವೇ ಹೆಚ್ಚು ರೂಢಿ, ಅದು ತಪ್ಪೂ ಅಲ್ಲ. ಆದರೆ ನೀರಿನ ಆಮ್ಲೀಯತೆ ಏರುಪೇರಾದರೆ ಪಟಿಕ ಬೇಗ ಸೋಲುತ್ತದೆ. ಕಬ್ಬಿಣದ ಲವಣ ಇನ್ನೂ ವಿಶಾಲ ವ್ಯಾಪ್ತಿಯಲ್ಲಿ ದುಡಿಯುತ್ತದೆ. ಕೊಳಚೆ ನೀರಿನಿಂದ ಫಾಸ್ಫೇಟನ್ನೂ ತೆಗೆಯುತ್ತದೆ. ಇದು ಉಕ್ಕನ್ನು ತಿನ್ನುತ್ತದೆ ಎಂಬ ಆಕ್ಷೇಪ ನಿಜ, ಹಾಗಾಗಿಯೇ ಇದನ್ನು ರಬ್ಬರ್ ಒಳಪದರದ ಅಥವಾ ಪ್ಲಾಸ್ಟಿಕ್ ತೊಟ್ಟಿಗಳಲ್ಲಿ ಇಡುತ್ತಾರೆ. ಕರಗುವಾಗ ಹುಟ್ಟುವ ಆಮ್ಲವನ್ನು ಸುಣ್ಣ ತಣಿಸುತ್ತದೆ. ಅತಿಯಾದರೆ ನೀರಿಗೆ ಹಳದಿ ಛಾಯೆ ಬರುತ್ತದೆ, ಆದ್ದರಿಂದ ಅಳತೆ ಮುಖ್ಯ.

ಲೋಹವನ್ನು ತಿನ್ನುವ ಗುಣ ದೋಷವೆಂದೇ ಹೇಳಲಾಗದು. ಆಫ್‌ಸೆಟ್ ಮುದ್ರಣ ಬರುವ ಮುನ್ನ ಹಾಫ್‌ಟೋನ್ ಚಿತ್ರಗಳ ತಾಮ್ರದ ಬ್ಲಾಕುಗಳನ್ನು ಕೊರೆಯುತ್ತಿದ್ದುದು ಇದೇ ದ್ರಾವಣ. ಎಲೆಕ್ಟ್ರಾನಿಕ್ ಸರ್ಕ್ಯೂಟ್ ಹಲಗೆಗಳಲ್ಲಿಯೂ ಬೇಡದ ತಾಮ್ರವನ್ನು ಇದರಿಂದ ಕರಗಿಸುವುದುಂಟು. ಆಗ ಫೆರಿಕ್ ಲವಣ ಫೆರಸ್ ಆಗುತ್ತದೆ, ತಾಮ್ರ ಕ್ಲೋರೈಡ್ ಆಗಿ ದ್ರಾವಣ ಸೇರುತ್ತದೆ.