ಅಂಟಲೂಬೇಕು, ಅಂಟಲೂಬಾರದು!

ಔಷಧಿ ಸೀಸೆ, ನೋಟ್‌ಬುಕ್ಕು, ಅಂಗಡಿಯ ಸೇಬು - ಹೀಗೆ ಎಲ್ಲೆಡೆ ಸ್ಟಿಕ್ಕರ್‌ಗಳನ್ನು ನೀವು ನೋಡಿರುತ್ತೀರಿ. ಇನ್ನೂ ಬಿಡಿಸದ ಒಂದು ಸ್ಟಿಕ್ಕರನ್ನು ಕೈಗೆತ್ತಿಕೊಳ್ಳಿ. ತೆಳ್ಳಗಿನ ಈ ಹಾಳೆಯಲ್ಲಿ ಕನಿಷ್ಠ ನಾಲ್ಕು ಪದರಗಳಿವೆ: ಮೇಲೆ ಮುದ್ರಣದ ಹಾಳೆ, ಅದರಡಿ ಅಂಟು, ಅಂಟಿಗೆ ತಾಗಿದಂತೆ ಸಿಲಿಕೋನ್ ಲೇಪ, ಕೊನೆಗೆ ಆಧಾರ ಕಾಗದ. ಇವೆಲ್ಲ ಹೇಗೆ ಒಂದಾದವು?

1840ರಲ್ಲಿ ಬ್ರಿಟನ್ ಹೊರತಂದ ಮೊದಲ ಅಂಚೆಚೀಟಿ 'ಪೆನ್ನಿ ಬ್ಲ್ಯಾಕ್'ನ ಹಿಂಬದಿಗೆ ಗೋಂದು ಬಳಿದು ಒಣಗಿಸಿದ್ದರು. ಅಂಟಿಸಲು ಅದನ್ನು ಒದ್ದೆ ಮಾಡಬೇಕಿತ್ತು. ನೀರಿಲ್ಲದೆ, ಬರೀ ಒತ್ತಿದರೆ ಅಂಟುವ ಚೀಟಿ ಬಂದದ್ದು 1935ರಲ್ಲಿ. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಸ್ಟಾಂಟನ್ ಏವರಿ ಎಂಬಾತ ಬಟ್ಟೆ ಒಗೆಯುವ ಯಂತ್ರದ ಮೋಟಾರು, ಹೊಲಿಗೆ ಯಂತ್ರದ ಬಿಡಿಭಾಗಗಳನ್ನು ಜೋಡಿಸಿ ಇದಕ್ಕೊಂದು ಯಂತ್ರ ಕಟ್ಟಿದ. ಇಂಥ ಚೀಟಿಗಳ ತಯಾರಿಕೆಯಲ್ಲಿ ಅಚ್ಚಿನ ಅಲಗು ಮೇಲಿನ ಹಾಳೆಯನ್ನೂ ಅಂಟನ್ನೂ ಕತ್ತರಿಸಬೇಕು. ಆಧಾರ ಕಾಗದವನ್ನು ಮಾತ್ರ ಕೊಯ್ಯಬಾರದು. ಆಗಲೇ ಚೀಟಿಗಳು ಒಂದೇ ಪಟ್ಟಿಯ ಮೇಲೆ ಸಾಲಾಗಿ ಉಳಿಯುತ್ತವೆ.

ಒತ್ತಿದರೆ ಅಂಟುವುದೇಕೆ? ಈ ಅಂಟು ಅರ್ಧ ದ್ರವ, ಅರ್ಧ ಘನ. ನಿಧಾನವಾಗಿ ಒತ್ತಿದಾಗ ಹರಿದು ಮೇಲ್ಮೈಯ ಸಣ್ಣ ಉಬ್ಬುತಗ್ಗುಗಳನ್ನು ತುಂಬುತ್ತದೆ. ಥಟ್ಟನೆ ಎಳೆದಾಗ ರಬ್ಬರಿನಂತೆ ಹಿಡಿದುಕೊಳ್ಳುತ್ತದೆ. ಅಮೆರಿಕದ ವಿಜ್ಞಾನಿ ಕಾರ್ಲ್ ಡಾಲ್‌ಕ್ವಿಸ್ಟ್ 1960ರ ದಶಕದಲ್ಲಿ ಇದಕ್ಕೊಂದು ಅಳತೆ ಕೊಟ್ಟರು: ಅಂಟಿನ ಸ್ಥಿತಿಸ್ಥಾಪಕ ಗುಣಾಂಕ ಸುಮಾರು 3 ಲಕ್ಷ ಪಾಸ್ಕಲ್‌ಗಿಂತ ಹೆಚ್ಚಿದ್ದರೆ ಅದು ಬರಿಯ ಒತ್ತಡಕ್ಕೆ ಅಂಟದು.

ಆದರೆ ಇಷ್ಟು ಚೆನ್ನಾಗಿ ಅಂಟುವ ವಸ್ತು ಆಧಾರ ಕಾಗದಕ್ಕೂ ಅಂಟಿಬಿಟ್ಟರೆ? ಅದನ್ನು ತಡೆಯುವುದೇ ಸಿಲಿಕೋನ್. ಇದರ ಅಣುಸರಪಳಿಯಿಂದ ಹೊರಚಾಚಿದ ಮೀಥೈಲ್ ಗುಂಪುಗಳು ಬೇರೆ ಅಣುಗಳನ್ನು ಬಹಳ ದುರ್ಬಲವಾಗಿ ಆಕರ್ಷಿಸುತ್ತವೆ. ಹೀಗಾಗಿ ಅಂಟಿನ ಹಿಡಿತ ಸಿಲಿಕೋನ್ ಮೇಲೆ ಅತಿ ಕಡಿಮೆ, ಸೀಸೆಯ ಮೇಲೆ ಹೆಚ್ಚು, ಮುದ್ರಣದ ಹಾಳೆಯ ಮೇಲೆ ಎಲ್ಲಕ್ಕಿಂತ ಹೆಚ್ಚು ಇರಬೇಕು. ಲೇಬಲ್ ವಿನ್ಯಾಸದ ಮೂಲಸೂತ್ರವೇ ಇದು. ಕ್ರಮ ತಪ್ಪಿದರೆ ಚೀಟಿ ಬಿಡುವುದೇ ಇಲ್ಲ, ಇಲ್ಲವೇ ಅಂಟು ಸೀಸೆಯಲ್ಲೇ ಉಳಿದು ಕಾಗದ ಕೈಗೆ ಬರುತ್ತದೆ.

ಹಿಡಿತ ಸರಿಯಿದ್ದರೂ ಸಾಲದು. ಪದರಗಳು ಒಂದನ್ನೊಂದು ಕೆಡಿಸಲೂಬಾರದು. 1974ರಲ್ಲಿ ಅಮೆರಿಕದ ಅಂಚೆ ಇಲಾಖೆ ಕ್ರಿಸ್‌ಮಸ್‌ಗಾಗಿ ಸ್ವಯಂ ಅಂಟುವ 10 ಸೆಂಟಿನ ಅಂಚೆಚೀಟಿ ತಂದಿತು. ವರ್ಷಗಳು ಕಳೆದಂತೆ ಅಂಟು ಕಾಗದದೊಳಗೆ ಇಳಿದು ಚಿತ್ರದ ಮೇಲೆ ಕಲೆ ಮೂಡಿಸಿತು. ಆ ದೇಶದಲ್ಲಿ ಇಂಥ ಅಂಚೆಚೀಟಿ ಮತ್ತೆ ಬಂದದ್ದು 1989ರಲ್ಲಿ. ಮುಂದೆ ಹಲವು ಅಂಚೆಚೀಟಿಗಳಲ್ಲಿ ಕಾಗದಕ್ಕೂ ಅಂಟಿಗೂ ನಡುವೆ ನೀರಿನಲ್ಲಿ ಕರಗುವ ಇನ್ನೊಂದು ಪದರ ಸೇರಿತು. ನೆನೆಸಿದರೆ ಅಂಚೆಚೀಟಿ ಲಕೋಟೆಯಿಂದ ಬಿಡುತ್ತಿತ್ತು, ಸಂಗ್ರಾಹಕರಿಗೆ ಅನುಕೂಲವಾಯಿತು.

ಉಳಿದಿರುವ ಸಮಸ್ಯೆ ಕಸದ್ದು. ಚೀಟಿ ಬಿಡಿಸಿದ ಕ್ಷಣವೇ ಆಧಾರ ಕಾಗದ ಬುಟ್ಟಿ ಸೇರುತ್ತದೆ. ಸಿಲಿಕೋನ್ ಲೇಪವಿರುವುದರಿಂದ ಅದನ್ನು ಸಾಮಾನ್ಯ ಕಾಗದದೊಡನೆ ಮರುಬಳಕೆ ಮಾಡುವುದು ಕಷ್ಟ. ಆಧಾರವಿಲ್ಲದ ಲೇಬಲ್‌ಗಳೂ ಈಗ ಇವೆ. ಅವುಗಳಲ್ಲಿ ಸಿಲಿಕೋನ್ ಲೇಪ ಚೀಟಿಯ ಮೇಲ್ಮುಖದ ಮೇಲೆಯೇ ಇರುತ್ತದೆ, ಟೇಪಿನಂತೆ ಸುತ್ತಿಡುತ್ತಾರೆ. ಹಾಗಾದರೆ ಶಾಯಿ ಯಾವ ಪದರದಲ್ಲಿರಬೇಕು? ಶಿಕ್ಷಕರೇ, ತರಗತಿಯಲ್ಲಿ ಈ ಪ್ರಶ್ನೆ ಕೇಳಿ ನೋಡಿ.