ಕಾಸರಗೋಡಿನ ಬೆಣ್ಣೆ, ಕಾಫಿ ಮತ್ತು ಮೈತೂಕ

ಕಾಸರಗೋಡಿನ ಅಡಿಕೆ ತೋಟದ ಮನೆಗಳಲ್ಲಿ ದನ ಸಾಕುತ್ತಿದ್ದುದು ಹಾಲಿಗಿಂತ ಹೆಚ್ಚಾಗಿ ಗೊಬ್ಬರಕ್ಕೆ. ಗುಡ್ಡದಿಂದ ಕಡಿದು ತಂದ ಸೊಪ್ಪನ್ನು ಹಟ್ಟಿಗೆ ಹಾಸಿ, ದನ ತುಳಿದು ಹದವಾದ ಮೇಲೆ ಅಡಿಕೆಯ ಬುಡಕ್ಕೆ ಹಾಕುವುದು ಇಲ್ಲಿನ ಬೇಸಾಯದ ಕ್ರಮ. ಇದಕ್ಕೆ ಒಗ್ಗಿದ್ದುದು ಕುಳ್ಳಗಿನ ಕಾಸರಗೋಡು ಗಿಡ್ಡ ತಳಿ. ಗುಡ್ಡದ ಹುಲ್ಲು ಮೇಯ್ದು, ಹೆಚ್ಚಿನ ಹಿಂಡಿ ಕೇಳದೆ, ದಿನಕ್ಕೆ ಒಂದೆರಡು ಲೀಟರ್ ಹಾಲು ಕೊಡುವ ಈ ದನದಿಂದ ಕರುವಿನ ಪಾಲು ಕಳೆದು ಉಳಿದದ್ದು ಮನೆಯ ಮಂದಿಗೆ. ಹಾಲನ್ನು ಹೆಪ್ಪು ಹಾಕಿ, ಮೊಸರು ಕಡೆದು, ಬೆಣ್ಣೆ ತೆಗೆದು, ನಾಲ್ಕಾರು ದಿನಗಳ ಬೆಣ್ಣೆ ಕೂಡಿದ ಮೇಲೆ ತುಪ್ಪ ಕಾಯಿಸುತ್ತಿದ್ದರು. ತುಪ್ಪ ದೇವರ ದೀಪಕ್ಕೆ, ಹೋಮಕ್ಕೆ, ಹಬ್ಬದ ಊಟಕ್ಕೆ, ಬಾಣಂತಿಗೆ ಹೋಗುತ್ತಿತ್ತು. ಮಕ್ಕಳ ಕೈಗೆ ಬೀಳುತ್ತಿದ್ದುದು ಒಂದು ಸಣ್ಣ ಉಂಡೆ ಬೆಣ್ಣೆ. ಮನೆಯ ಎಲ್ಲರಿಗೂ ದಿನವೂ ದಕ್ಕುತ್ತಿದ್ದುದು ಮಜ್ಜಿಗೆ ಮಾತ್ರ.

ಈ ಹಂಚಿಕೆಯ ಹಿಂದೆ ಬಡತನವಷ್ಟೇ ಇರಲಿಲ್ಲ, ವೈದ್ಯದ ತಿಳಿವೂ ಇತ್ತು. ಕೇರಳದ ವೈದ್ಯರು ತಮ್ಮ ಮುಖ್ಯ ಗ್ರಂಥವೆಂದು ನಂಬಿಕೊಂಡು ಬಂದ ‘ಅಷ್ಟಾಂಗಹೃದಯ’ ಬೆಣ್ಣೆಯನ್ನು ಬಲ ಕೊಡುವ ವಸ್ತುವಾಗಿಯೂ ಮಜ್ಜಿಗೆಯನ್ನು ಹಗುರವಾದ, ಹಸಿವು ಹೆಚ್ಚಿಸುವ ವಸ್ತುವಾಗಿಯೂ ಎಣಿಸುತ್ತದೆ. ಸೊರಗಿದವರಿಗೆ ಬೆಣ್ಣೆ ತುಪ್ಪ, ಮೈ ಭಾರವಾದವರಿಗೆ ಬೆಣ್ಣೆ ತೆಗೆದ ಮಜ್ಜಿಗೆ ಎಂಬುದು ಮನೆಮದ್ದಿನಲ್ಲಿ ಬೆಳೆದು ಬಂದ ವಿವೇಕ. ಮೈ ಕರಗಿಸಲು ಕಾಫಿಗೆ ಬೆಣ್ಣೆ ಹಾಕಿ ಕುಡಿಯುವ ಈಗಿನ ಯೋಚನೆಗೆ ಆ ಲೋಕದಲ್ಲಿ ಎಡೆಯೇ ಇರಲಿಲ್ಲ.

ಕಾಫಿ ಈ ಅಡುಗೆಮನೆಗೆ ಬಹಳ ತಡವಾಗಿ ಬಂತು. ಬಾಬಾ ಬುಡನ್ ತಂದರೆಂದು ಹೇಳುವ ಕಾಫಿ ಬೀಜ ಚಿಕ್ಕಮಗಳೂರಿನ ಗಿರಿಯಲ್ಲಿ ಬೇರೂರಿದ್ದು 17ನೆಯ ಶತಮಾನದಲ್ಲಾದರೂ, ದೊಡ್ಡ ತೋಟಗಳು ಎದ್ದದ್ದು 19ನೆಯ ಶತಮಾನದಲ್ಲಿ. ಕೊಡಗಿನಲ್ಲಿ ಯುರೋಪಿಯನ್ನರ ತೋಟಗಾರಿಕೆ 1850ರ ದಶಕದಿಂದ ಬೆಳೆಯಿತು. ಅಲ್ಲಿಯ ಕಾಫಿ ಘಟ್ಟ ಇಳಿದು ಮಂಗಳೂರಿಗೆ ಬಂದು, ಕಡಲತೀರದ ಬಿಸಿಲಲ್ಲಿ ಒಣಗಿ, ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಸಿಪ್ಪೆ ಕಳೆದುಕೊಂಡು ಹಡಗು ಹತ್ತುತ್ತಿತ್ತು. ಆಗ ಕಾಸರಗೋಡು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ ತಾಲ್ಲೂಕು, ಮಂಗಳೂರೇ ಅದರ ಜಿಲ್ಲಾ ಕೇಂದ್ರ. 1907ರಲ್ಲಿ ರೈಲು ಕಾಸರಗೋಡನ್ನು ಹಾದು ಮಂಗಳೂರು ತಲುಪಿತು. ಕೋರ್ಟು ಕಚೇರಿಗೂ ಅಡಿಕೆ ಮಾರಾಟಕ್ಕೂ ಮಂಗಳೂರಿಗೆ ಹೋಗಿ ಬರುತ್ತಿದ್ದ ತೋಟದ ಮನೆಗಳಿಗೆ ಕಾಫಿ ಪುಡಿ ದೂರದ ಸರಕಾಗಿ ಉಳಿಯಲಿಲ್ಲ.

ಅದಕ್ಕೂ ಮೊದಲು ಬಂದವರ ಆಸರಿಗೆ ಬೆಲ್ಲ-ನೀರು, ಮಜ್ಜಿಗೆ, ಕೊತ್ತಂಬರಿ-ಜೀರಿಗೆಯ ಕಷಾಯ ಕೊಡುತ್ತಿದ್ದರು. ಕಾಫಿ ಅವುಗಳ ಪಕ್ಕದಲ್ಲಿಯೇ ಜಾಗ ಮಾಡಿಕೊಂಡಿತು, ಅವುಗಳ ಬೆಲ್ಲವನ್ನೂ ತನ್ನದಾಗಿಸಿಕೊಂಡಿತು. ಬೆಲ್ಲದ ಕಾಫಿಗೆ ಹಾಲು ಇದ್ದರೆ ಹಾಲು, ಇಲ್ಲದಿದ್ದರೆ ಕಪ್ಪು ಕಾಫಿ. ಅದಕ್ಕೆ ಬೆಣ್ಣೆ ಹಾಕುವ ವಾಡಿಕೆ ಹುಟ್ಟಲಿಲ್ಲ, ಹುಟ್ಟುವಂತೆಯೂ ಇರಲಿಲ್ಲ. ಈಗಿನ ಬೆಣ್ಣೆ ಕಾಫಿಗೆ ಹಾಕುವ ಎರಡು ದೊಡ್ಡ ಚಮಚ ಬೆಣ್ಣೆ ಎಂದರೆ ಸುಮಾರು 28 ಗ್ರಾಂ. ಅಷ್ಟು ಬೆಣ್ಣೆಗೆ ಅರ್ಧ ಲೀಟರಿಗಿಂತ ಹೆಚ್ಚು ಹಾಲಿನ ಜಿಡ್ಡು ಬೇಕು. ಗಿಡ್ಡ ದನದ ಹಟ್ಟಿಯಲ್ಲಿ ಒಬ್ಬರ ಒಂದು ಲೋಟಕ್ಕೆ ಅದನ್ನು ಸುರಿಯುವುದು ಯಾರಿಂದಲೂ ಸಾಧ್ಯವಿರಲಿಲ್ಲ.

ಪೇಯಕ್ಕೆ ಬೆಣ್ಣೆ ಸೇರಿಸುವ ಪದ್ಧತಿ ಬೆಳೆದದ್ದು ಬೇರೆಯ ಹವೆಯಲ್ಲಿ. ಟಿಬೆಟ್‌ನಲ್ಲಿ ಚಹಾದ ಡಿಕಾಕ್ಷನ್ನಿಗೆ ಉಪ್ಪು, ಬೆಣ್ಣೆ ಹಾಕಿ ಮರದ ಕೊಳವೆಯಲ್ಲಿ ಕಡೆಯುತ್ತಾರೆ. ಚಳಿ, ಎತ್ತರ, ದಿನವಿಡೀ ನಡಿಗೆ ಇರುವ ಬದುಕಿಗೆ ಅದು ಶಕ್ತಿ ತುಂಬುವ ಆಹಾರ. 1960ರ ದಶಕದಲ್ಲಿ ನೆಲೆಯಾದ ಟಿಬೆಟನ್ನರೊಂದಿಗೆ ಈ ಚಹಾ ಕರ್ನಾಟಕದ ಬೈಲುಕುಪ್ಪೆಗೂ ಮುಂಡಗೋಡಿಗೂ ಬಂದಿದೆ. ಇಥಿಯೋಪಿಯಾದ ಒರೊಮೊ ಜನರಲ್ಲಿ ಕಾಫಿ ಬೀಜವನ್ನು ಬೆಣ್ಣೆಯಲ್ಲಿ ಬೇಯಿಸುವ ಆಚರಣೆಯಿದೆ. ಈ ಎರಡು ಕಡೆಗಳಲ್ಲಿಯೂ ತೂಕ ಇಳಿಸುವ ಉದ್ದೇಶವಿಲ್ಲ. ಆ ಉದ್ದೇಶವನ್ನು ಅಂಟಿಸಿದ್ದು ಅಮೆರಿಕದ ಉದ್ಯಮಿ ಡೇವ್ ಆಸ್ಪ್ರೆ. 2004ರಲ್ಲಿ ಟಿಬೆಟ್‌ನಲ್ಲಿ ಬೆಣ್ಣೆ ಚಹಾ ಕುಡಿದ ಅವರು 2009ರಲ್ಲಿ ‘ಬುಲೆಟ್‌ಪ್ರೂಫ್’ ಹೆಸರಿನಲ್ಲಿ ಬೆಣ್ಣೆ ಕಾಫಿಯ ಪಾಕವನ್ನು ಪ್ರಕಟಿಸಿದರು.

ಆ ಪಾಕದ ಇನ್ನೊಂದು ಮುಖ್ಯ ವಸ್ತು ಎಂಸಿಟಿ (ಮಧ್ಯಮ ಸರಪಳಿಯ ಟ್ರೈಗ್ಲಿಸರೈಡ್) ಎಣ್ಣೆ. ಅದು ತಯಾರಾಗುವುದು ತೆಂಗಿನೆಣ್ಣೆ ಅಥವಾ ತಾಳೆಬೀಜದ ಎಣ್ಣೆಯಿಂದ. ಕಾಸರಗೋಡು ಈ ಚರ್ಚೆಯೊಳಗೆ ಬರುವುದು ಈ ದಾರಿಯಿಂದ. 1916ರಲ್ಲಿ ಮದರಾಸು ಸರಕಾರ ಇಲ್ಲಿ ತೆರೆದ ತೆಂಗು ಸಂಶೋಧನಾ ಕೇಂದ್ರವೇ 1970ರಲ್ಲಿ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ, ಅಂದರೆ ಸಿಪಿಸಿಆರ್‌ಐ ಆಯಿತು. ತೆಂಗಿನ ಹಾಲಿನಿಂದ ವರ್ಜಿನ್ ತೆಂಗಿನೆಣ್ಣೆ ತೆಗೆಯುವ ವಿಧಾನಗಳನ್ನು ಅದು ರೂಪಿಸಿದೆ. ಆದರೆ ತೆಂಗಿನೆಣ್ಣೆಯೂ ಎಂಸಿಟಿ ಎಣ್ಣೆಯೂ ಒಂದೇ ಅಲ್ಲ. ತೆಂಗಿನೆಣ್ಣೆಯ ಸುಮಾರು ಅರ್ಧ ಭಾಗ ಲಾರಿಕ್ ಆಮ್ಲ. ಪಿತ್ತಜನಕಾಂಗಕ್ಕೆ ನೇರವಾಗಿ ಹೋಗಿ ಬೇಗ ಉರಿಯುವ ಕ್ಯಾಪ್ರಿಲಿಕ್, ಕ್ಯಾಪ್ರಿಕ್ ಆಮ್ಲಗಳ ಪಾಲು ಚಿಕ್ಕದು, ಎಂಸಿಟಿ ಎಣ್ಣೆಯಲ್ಲಿ ಬೇರ್ಪಡಿಸಿ ತುಂಬುವುದು ಮುಖ್ಯವಾಗಿ ಇವನ್ನೇ. ಜಿಡ್ಡು ಅರಗದ ರೋಗಿಗಳಿಗೂ ಅಪಸ್ಮಾರದ ಮಕ್ಕಳ ಪಥ್ಯಕ್ಕೂ ಬಳಸುತ್ತಿದ್ದ ವಸ್ತು ಅದು. ಎಂಸಿಟಿಯ ಮೇಲಿನ ಸಂಶೋಧನೆಯ ಫಲವನ್ನು ಮನೆಯ ತೆಂಗಿನೆಣ್ಣೆಗೆ ಹಾಗೆಯೇ ಹೊರಿಸುವುದು ಸರಿಯಲ್ಲ.

ಆ ಫಲವೂ ದೊಡ್ಡದಲ್ಲ. 13 ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿ 2015ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಎಂಸಿಟಿ ಬಳಸಿದವರ ತೂಕ ಸರಾಸರಿ ಅರ್ಧ ಕಿಲೋದಷ್ಟು ಮಾತ್ರ ಹೆಚ್ಚು ಇಳಿದಿತ್ತು. ಅದೂ ಬೇರೆ ಎಣ್ಣೆಯ ಬದಲಿಗೆ ಎಂಸಿಟಿ ಕೊಟ್ಟಾಗ, ಊಟದ ಮೇಲೆ ಹೆಚ್ಚುವರಿಯಾಗಿ ಸುರಿದಾಗ ಅಲ್ಲ. ಬೆಣ್ಣೆಯ ಜಿಡ್ಡಿನ ಬಹುಭಾಗವಂತೂ ಎಂಸಿಟಿಯೇ ಅಲ್ಲ. ಕಾಫಿಯ ಕೆಫೀನ್ ದೇಹದ ಶಕ್ತಿವ್ಯಯವನ್ನು ತುಸು ಹೊತ್ತು ಸ್ವಲ್ಪ ಹೆಚ್ಚಿಸುತ್ತದೆ, ಅದಕ್ಕೆ ಬೆಣ್ಣೆಯ ಹಂಗಿಲ್ಲ.

ಇನ್ನು ಲೆಕ್ಕ. ಸಕ್ಕರೆಯಿಲ್ಲದ ಕಪ್ಪು ಕಾಫಿಯಲ್ಲಿ ಐದು ಕಿಲೊಕ್ಯಾಲೊರಿಯೂ ಇರುವುದಿಲ್ಲ. ಒಂದು ದೊಡ್ಡ ಚಮಚ ಬೆಣ್ಣೆ ಸುಮಾರು 100, ಅಷ್ಟೇ ಎಂಸಿಟಿ ಎಣ್ಣೆ ಅದಕ್ಕಿಂತ ತುಸು ಹೆಚ್ಚು. ಎರಡೆರಡು ಚಮಚ ಹಾಕಿದರೆ ಲೋಟ 400ನ್ನು ದಾಟುತ್ತದೆ. ಆ ಕಾಫಿ ಕುಡಿದು ಬೆಳಗ್ಗಿನ ತಿಂಡಿ ಬಿಟ್ಟವರ ತೂಕ ಇಳಿಯಬಹುದು, ಆದರೆ ಇಳಿಸಿದ್ದು ಬಿಟ್ಟ ತಿಂಡಿ. ತಿಂಡಿಯೊಂದಿಗೆ ಹೋದದ್ದು ಪ್ರೋಟೀನು, ನಾರು, ಜೀವಸತ್ವಗಳು. ನೀರುದೋಸೆಯನ್ನೂ ತಿಂದು ಬೆಣ್ಣೆ ಕಾಫಿಯನ್ನೂ ಕುಡಿದರೆ ಮೈ ಬೆಳೆಯುತ್ತದೆ.

ಬೆಣ್ಣೆ ಈಗ ಕಾಸರಗೋಡಿನಲ್ಲಿ ಅಪರೂಪದ ವಸ್ತುವಲ್ಲ. ನಾಡ ಹೋರಿಗಳನ್ನು ಕಡಿಮೆ ಮಾಡಿದ 1961ರ ಕೇರಳ ಜಾನುವಾರು ಸುಧಾರಣಾ ಕಾಯ್ದೆ, 1963ರಲ್ಲಿ ಶುರುವಾದ ಇಂಡೋ-ಸ್ವಿಸ್ ಯೋಜನೆ ಎರಡೂ ಮಿಶ್ರತಳಿಗೆ ದಾರಿ ಮಾಡಿದವು. ಹಾಲು ಹೆಚ್ಚಿತು, ಸೊಸೈಟಿಗಳು ಬೆಳೆದವು, ಅಂಗಡಿಯಲ್ಲಿ ಬೆಣ್ಣೆಯ ಪೊಟ್ಟಣ ಬಂತು. ಗಿಡ್ಡ ತಳಿ ಮಾತ್ರ ಕ್ಷೀಣಿಸಿತು, ಅದು ನೋವಿನ ಸಂಗತಿ. ಅದನ್ನು ಉಳಿಸುವ ಕೆಲಸ ಬದಿಯಡ್ಕದ ಬಳಿಯ ಸರಕಾರಿ ಫಾರ್ಮಿನಲ್ಲಿಯೂ ಪೆರ್ಲದ ಬಜಕೂಡ್ಲು ಗೋಶಾಲೆಯಲ್ಲಿಯೂ ನಡೆಯುತ್ತಿದೆ. ಅಪರೂಪದ ಕಾಲದಲ್ಲಿ ಹಟ್ಟಿಯೇ ಬೆಣ್ಣೆಗೆ ಮಿತಿ ಹಾಕುತ್ತಿತ್ತು. ಈಗ ಹಾಗಲ್ಲ. ಒಂದು ದೊಡ್ಡ ಚಮಚ ಬೆಣ್ಣೆಯಲ್ಲಿ ಸುಮಾರು 7 ಗ್ರಾಂ ಸ್ಯಾಚುರೇಟೆಡ್ ಕೊಬ್ಬು ಇದೆ, ಅದು ರಕ್ತದ ಎಲ್‌ಡಿಎಲ್ ಕೊಲೆಸ್ಟರಾಲನ್ನು ಏರಿಸುತ್ತದೆ. ತೆಂಗಿನೆಣ್ಣೆಯ ವಿಷಯದಲ್ಲಿಯೂ ಇದೇ ಎಚ್ಚರವನ್ನು ಅಮೆರಿಕದ ಹೃದ್ರೋಗ ಸಂಘ 2017ರಲ್ಲಿ ಹೇಳಿದೆ. ಹೃದಯದ ತೊಂದರೆ ಇರುವವರೂ ಕೊಲೆಸ್ಟರಾಲ್ ಏರಿರುವವರೂ ವೈದ್ಯರನ್ನು ಕೇಳದೆ ದಿನವೂ ಬೆಣ್ಣೆ ಕಾಫಿ ಕುಡಿಯಬಾರದು.